ಅಟ್ಟಣೆಯ ಮೇಲೆ ಆರುನೂರು ಟನ್ ಉಕ್ಕು

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಫೋನ್ ಬಂದಾಗ ಭಾನುಮತಿ ಕಾಫಿಗೆ ಹಾಲು ಹುಯ್ಯುತ್ತಿದ್ದಳು. ಮಾತು ಮುಗಿಯುವಷ್ಟರಲ್ಲಿ ಲೋಟ ತುಂಬಿ ಹಾಲು ಮೇಜಿನ ಮೇಲೆ ಹರಿದಿತ್ತು.

ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನ ಹೊರವಲಯದ ಆ ಕಾರ್ಖಾನೆಯಲ್ಲಿ ಮಣ್ಣು ಅಗೆಯುವ ಯಂತ್ರಗಳಿಗೆ ಬಕೆಟ್ ತಯಾರಾಗುತ್ತಿತ್ತು. ಅದಕ್ಕೆ ಬೇಕಾದ ಉಕ್ಕು ಕೊಳ್ಳುವುದು ಭಾನುಮತಿಯ ಕೆಲಸ. ಪೀಣ್ಯದಲ್ಲಿ ಎಂಟು ವರ್ಷ ಇದನ್ನೇ ಮಾಡಿ, ವರ್ಕ್ ಪರ್ಮಿಟ್ ಹಿಡಿದು ಇಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಉಕ್ಕಿನ ಬೆಲೆ ಯಾವಾಗ ಮುನಿಯುತ್ತದೆ, ಯಾವಾಗ ಒಲಿಯುತ್ತದೆ ಎಂಬುದು ಅವಳಿಗೆ ಮೊದಲೇ ವಾಸನೆ ಬಡಿಯುತ್ತಿತ್ತು. ಆದರೆ ಮೇಲಿನವರ ಮುಂದೆ ಬಾಯಿ ಬಿಡುವ ಜಾಯಮಾನ ಅವಳದಲ್ಲ. ಶುಕ್ರವಾರವಷ್ಟೇ ಬಾಸ್ ಗುನ್ನಾರ್, "ಕ್ರಿಸ್ಮಸ್‌ವರೆಗೆ ಕಾಯೋಣ, ಬೆಲೆ ಇಳಿಯುತ್ತೆ" ಎಂದಾಗ, ಇಳಿಯುವುದಿಲ್ಲವೆಂದು ಗೊತ್ತಿದ್ದೂ ತಲೆಯಾಡಿಸಿದ್ದಳು.

ಈಗ ಫೋನ್ ಮಾಡಿದವನು ಉಕ್ಕಿನ ಗಿರಣಿಯ ಮಾರಾಟಗಾರ ಹೆನ್ರಿಕ್. ಹನ್ನೆರಡು ಗಂಟೆಗೆ ಹೊಸ ದರಪಟ್ಟಿ ಹೊರಡುತ್ತದೆ, ಅಷ್ಟರೊಳಗೆ ಒಪ್ಪಿದರೆ ಆರುನೂರು ಟನ್ ಹಳೆಯ ದರಕ್ಕೆ ಸಿಗುತ್ತದೆ, ಆಮೇಲೆ ಇಲ್ಲ ಎಂದ.

ಅಷ್ಟು ದೊಡ್ಡ ಖರೀದಿಗೆ ಅವಳದಲ್ಲದೆ ಮೇಲಿನವರೊಬ್ಬರ ಒಪ್ಪಿಗೆಯೂ ಬೇಕು. ಉಪಮುಖ್ಯಸ್ಥೆ ಜ್ವರ ಬಂದ ಮಗುವಿನ ಜೊತೆ ಮನೆಯಲ್ಲಿದ್ದಳು, ಫೋನ್ ಎತ್ತಲಿಲ್ಲ. ಗುನ್ನಾರ್ ಮೂಸ್ ಬೇಟೆಗೆ ಹೋಗಿದ್ದ. ಮೂಸ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ, ಕುದುರೆಗಿಂತ ಎತ್ತರ. ಅಕ್ಟೋಬರಿನಲ್ಲಿ ಅದರ ಬೇಟೆ ಶುರುವಾಯಿತೆಂದರೆ ಅರ್ಧ ಊರು ಕಾಡಿನಲ್ಲಿರುತ್ತದೆ, ಫೋನ್‌ಗಳೆಲ್ಲ ಮೂಕವಾಗಿರುತ್ತವೆ.

"ವರ್ಷಾ, ಕಾರ್ ತಂದಿದೀಯಾ?" ಎಂದಳು ಭಾನುಮತಿ. ಅವಳ ಇಂಡಿಯಾದ ಲೈಸೆನ್ಸ್ ಇಲ್ಲಿ ನಡೆಯುತ್ತಿರಲಿಲ್ಲ.

ವರ್ಷಾ ಡಿಸೈನ್ ವಿಭಾಗದ ಹುಡುಗಿ, ಇದೇ ದೇಶದ ಟ್ರೋಲ್‌ಹೆಟ್ಟನ್‌ನಲ್ಲಿ ಬೆಳೆದ ಧಾರವಾಡದವರ ಮಗಳು. "ತಂದಿದೀನಿ ಅಕ್ಕ. ಎಲ್ಲಿಗೆ?"

"ಕಾಡಿಗೆ."

"ಸೀರಿಯಸ್ಲಿ?" ಎಂದವಳೇ ವರ್ಷಾ ಗೋಡೆಯ ಮೊಳೆಯಿಂದ ಎರಡು ಕಿತ್ತಳೆ ಜಾಕೆಟ್ ಎಳೆದುಕೊಂಡಳು. "ಇದು ಹಾಕ್ಕೊಳಿ. ಇಲ್ದಿದ್ರೆ ನಮ್ಮನ್ನೇ ಮೂಸ್ ಅನ್ಕೊಂಡ್ಬಿಡ್ತಾರೆ."

ಗುನ್ನಾರ್ ಪ್ರತಿ ವರ್ಷ ಹೋಗುವ ಕಾಡಿಗೆ ಎರಡು ಗಂಟೆಯ ದಾರಿ. ಅರ್ಧದಲ್ಲಿ ವರ್ಷಾ ಕೇಳಿದಳು: "ಅಕ್ಕ, ಇಷ್ಟು ಪ್ಯಾನಿಕ್ ಯಾಕೆ? ಸ್ಟೀಲ್ ಎಲ್ಲಾ ಒಂದೇ ಅಲ್ವಾ? ಬೇರೆ ಕಡೆ ತಗೊಂಡ್ರಾಯ್ತು."

"ಟಿಫನ್ ಡಬ್ಬಿ ಮುಚ್ಚಳದ ಮೇಲೆ ದೋಸೆ ಹುಯ್ತೀಯೇನೆ? ಬಕೆಟ್ಟಿನ ಪಕ್ಕಕ್ಕೆ ಸಾದಾ ಪ್ಲೇಟ್ ನಡೆಯುತ್ತೆ. ಕಲ್ಲು ಕಚ್ಚೋ ತುಟಿಗೆ ಸವೀದೇ ಇರೋ ಗಟ್ಟಿ ಪ್ಲೇಟೇ ಬೇಕು. ಅದನ್ನ ಮಾಡೋರು ಕೈಬೆರಳೆಣಿಕೆ. ಎರಡು ವಾರದಿಂದ ಉಕ್ಕಿಗೆ ಕರಗಿಸೋ ಗುಜರಿ ರೇಟ್ ಏರ್ತಿದೆ, ಚಳಿಗಾಲಕ್ಕೆ ಕರೆಂಟ್ ಏರುತ್ತೆ. ಹೊರಗಿಂದ ತರೋಣ ಅಂದ್ರೆ ಸುಂಕ ಜಾಸ್ತಿ ಮಾಡ್ತೀವಿ ಅಂತ ಬ್ರಸೆಲ್ಸ್‌ನ ಯುರೋಪಿಯನ್ ಯೂನಿಯನ್‌ನವರು ಕೂತಿದಾರೆ. ಇದು ಯಾವ ಲೆಕ್ಕದಲ್ಲಿ ಇಳಿಯುತ್ತೆ ಹೇಳು!"

"ಇದನ್ನೆಲ್ಲ ಶುಕ್ರವಾರಾನೇ ಹೇಳ್ಬೇಕಿತ್ತು ನೀವು."

ಭಾನುಮತಿ ಕಿಟಕಿಯಾಚೆ ನೋಡಿದಳು. ಬರ್ಚ್ ಮರಗಳು ಹಳದಿ ಉದುರಿಸುತ್ತಿದ್ದವು. ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕಾಡಿನ ಗೇಟಿನ ಬಳಿ ಬೇಟೆ ತಂಡದ ಮುಖಂಡ, ಬಿಳಿ ಗಡ್ಡದ ಮುದುಕ, ಕಾರು ತಡೆದ. ನಾಯಿ ಬಿಟ್ಟಾಗಿದೆ, ಮಧ್ಯಾಹ್ನದವರೆಗೆ ಯಾರೂ ಅಟ್ಟಣೆಯಿಂದ ಇಳಿಯುವಂತಿಲ್ಲ ಎಂದ. ವರ್ಷಾ ಸ್ವೀಡಿಷ್‌ನಲ್ಲಿ ಏನೇನೋ ಹೇಳಿ, ಕೈ ಜೋಡಿಸಿ, ಕೊನೆಗೆ ತನ್ನ ಊಟದ ಡಬ್ಬಿಯಲ್ಲಿದ್ದ ಚಕ್ಕುಲಿಯನ್ನೂ ಕೊಟ್ಟಳು. ಮುದುಕ ಕಟುಂ ಎಂದು ಕಚ್ಚಿ, ವಾಕಿಟಾಕಿಯಲ್ಲಿ ಗುನ್ನಾರ್‌ಗೆ ಸುದ್ದಿ ಮುಟ್ಟಿಸಿದ. ಅವನ ಅಟ್ಟಣೆ ರಸ್ತೆಯ ಪಕ್ಕದಲ್ಲೇ ಇದೆ, ಒಬ್ಬರು ಮಾತ್ರ ಹತ್ತಬಹುದು, ಉಸಿರೆತ್ತಬಾರದು ಎಂದ.

ಹನ್ನೊಂದು ಮುಕ್ಕಾಲಿಗೆ ಭಾನುಮತಿ ಏಣಿ ಹತ್ತಿದಳು. ಕೊನೆಯ ಸಲ ಏಣಿ ಹತ್ತಿದ್ದು ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ಇಳಿಸಲಿಕ್ಕೆ. ಮೇಲೆ ಗುನ್ನಾರ್ ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು, ಹಿಮದಲ್ಲಿ ಹೂತ ಕಂಬದಂತೆ ಕೂತಿದ್ದ. ತುಟಿಯ ಮೇಲೆ ಬೆರಳಿಟ್ಟ.

"ಕೊಳ್ಳಬೇಕು," ಎಂದು ಪಿಸುಗುಟ್ಟಿದಳು ಭಾನುಮತಿ.

"ಕ್ರಿಸ್ಮಸ್‌ಗೆ ಇಳಿಯುತ್ತೆ," ಎಂದು ಅವನೂ ಪಿಸುಗುಟ್ಟಿದ.

"ಇಳಿಯಲ್ಲ. ಶುಕ್ರವಾರ ನಿಮ್ಮ ಮಾತು ತಪ್ಪು ಅಂತ ನನಗೆ ಗೊತ್ತಿತ್ತು, ಹೇಳಲಿಲ್ಲ. ಈಗ ಹೇಳ್ತಿದೀನಿ."

ನಾಲ್ಕು ವರ್ಷದಲ್ಲಿ ಮೊದಲ ಸಲ ಆಡಿದ ಎದುರು ಮಾತು, ಅದೂ ಪಿಸುಮಾತಿನಲ್ಲಿ! ಅವಳ ಕಿವಿ ಬಿಸಿಯಾಯಿತು. ಗುಜರಿ, ಕರೆಂಟು, ಸುಂಕ, ಒಂದೊಂದನ್ನೂ ಗುನ್ನಾರ್‌ನ ಕಿವಿಯಲ್ಲಿ ಊದಿದಳು. ಅವನು ಹುಬ್ಬು ಮೇಲೇರಿಸುತ್ತಾ ಹೋದ.

ಆಗಲೇ ಫೋನ್ ನಡುಗಿತು. ಹೆನ್ರಿಕ್.

"ಭಾನುಮತಿ? ಏನು ತೀರ್ಮಾನ ಆಯ್ತು?"

"ಮಾತಾಡ್ತಾ ಇದೀವಿ," ಎಂದು ಉಸುರಿದಳು.

"ಯಾಕೆ ಪಿಸುಗುಟ್ತಿದ್ದೀರಿ?"

"ಜೋರಾಗಿ ಮಾತಾಡೋ ಹಾಗಿಲ್ಲ. ಇಲ್ಲಿ ಇನ್ನೊಬ್ಬರು ಬರಬಹುದು ಅಂತ ಕಾಯ್ತಿದೀವಿ."

ಆ ಇನ್ನೊಬ್ಬರು ಬಂದೇಬಿಟ್ಟರು. ಪೈನ್ ಮರಗಳ ನಡುವಿನಿಂದ, ಕೊಂಬಿನ ಮೇಲೆ ಪಾಚಿ ನೇತುಹಾಕಿಕೊಂಡು, ಮದುವೆ ಮನೆಗೆ ಬರುವ ಸೋದರಮಾವನ ಗತ್ತಿನಲ್ಲಿ ಒಂದು ಮೂಸ್ ಬಯಲಿಗೆ ನಡೆದುಬಂತು. ಗುನ್ನಾರ್ ಬಂದೂಕು ಮೇಲೆತ್ತಿದ. ಭಾನುಮತಿ ಹುಟ್ಟಾ ಸಸ್ಯಾಹಾರಿ. 'ಅಪ್ಪಾ, ಓಡಿಹೋಗು' ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಬಾಯಿಂದ ಮಾತ್ರ ಒಂದೇ ಮಾತು ಹೊರಟಿತು: "ಬಂದರು."

ಆ ಕಡೆ ಹೆನ್ರಿಕ್ ಗಾಬರಿಯಾದ. "ಯಾರು? ಫಿನ್ಲೆಂಡಿನ ಗಿರಣಿಯವರಾ? ಅವರ ಜೊತೆ ಕೂತಿದ್ದೀರಾ? ನೋಡಿ, ಅವಸರ ಮಾಡಬೇಡಿ. ಟನ್ನಿಗೆ ಇನ್ನೂರೈವತ್ತು ಕ್ರೋನ ಕಡಿಮೆ ಮಾಡ್ತೀನಿ. ಹಳೆ ದರದ ಮೇಲೆ!"

ಭಾನುಮತಿ ಫೋನಿಗೆ ಕೈ ಅಡ್ಡ ಹಿಡಿದಳು. "ಗುನ್ನಾರ್, ಇನ್ನೂರೈವತ್ತು ಕಡಿಮೆ ಅಂತೆ!"

"ಏನು?" ಎಂದ ಗುನ್ನಾರ್. ಪಿಸುಗುಟ್ಟುವುದು ಮರೆತು, ಕಾಡು ಮೊಳಗುವಂತೆ ಎಂದ.

ಮೂಸ್ ತಲೆಯೆತ್ತಿ ಇಬ್ಬರನ್ನೂ ಒಮ್ಮೆ ನಿಧಾನವಾಗಿ ನೋಡಿತು. ಆಮೇಲೆ ಯಾವ ಅವಸರವೂ ಇಲ್ಲದೆ ತಿರುಗಿ, ಮರಗಳ ನಡುವೆ ಕಾಣೆಯಾಯಿತು.

ಗುನ್ನಾರ್ ಅದು ಹೋದ ದಾರಿಯನ್ನು ನೋಡಿದ, ಭಾನುಮತಿಯನ್ನು ನೋಡಿದ, ಬಂದೂಕು ಪಕ್ಕಕ್ಕಿಟ್ಟು ಕನ್ನಡಕ ಹುಡುಕಿದ. ಹನ್ನೊಂದು ಐವತ್ತೆಂಟಕ್ಕೆ ಅವಳ ಫೋನಿನಲ್ಲೇ ತನ್ನ ಒಪ್ಪಿಗೆ ಒತ್ತಿದ. ಭಾನುಮತಿ ಹೆನ್ರಿಕ್‌ಗೆ, ಇನ್ನೂ ಪಿಸುದನಿಯಲ್ಲೇ, "ಆಯ್ತು, ಒಪ್ಪಿದೆವು" ಎಂದಳು.

ಫೋನಿಟ್ಟ ಮೇಲೆ ಅವಳಿಗೆ ನಗು ಬಂತು. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ. ತಡೆಯಲು ಜಾಕೆಟ್ಟಿನ ತೋಳು ಕಚ್ಚಿಕೊಂಡಳು. ಗುನ್ನಾರ್‌ನ ಹೆಗಲೂ ಕುಲುಕತೊಡಗಿತು. ಇಬ್ಬರೂ ನಕ್ಕ ರಭಸಕ್ಕೆ ಅಟ್ಟಣೆಯ ಹಲಗೆಗಳು ಕಿರುಗುಟ್ಟಿದವು. ಕೆಳಗೆ ಕಾರಿನ ಕಿಟಕಿ ಇಳಿಸಿ ವರ್ಷಾ, "ಅಕ್ಕ, ಆರ್ ಯು ಓಕೆ?" ಎಂದು ಕೂಗಿದಳು.

"ಗುರುವಾರ ಹೊಸ ಮೀಟಿಂಗ್ ಇದೆ," ಎಂದ ಗುನ್ನಾರ್ ಕಣ್ಣೊರೆಸಿಕೊಳ್ಳುತ್ತಾ. "ಬೇಸಿಗೆಯ ಖರೀದಿಯ ಬಗ್ಗೆ. ಮೊದಲು ನೀವು ಮಾತಾಡಿ. ಆಮೇಲೆ ನಾನು."

"ಜೋರಾಗಿ ಮಾತಾಡಬಹುದಾ?"

"ದಯವಿಟ್ಟು," ಎಂದ ಅವನು.

ಹೊಸ ದರಪಟ್ಟಿ ಅದೇ ಮಧ್ಯಾಹ್ನ ಬಂತು. ನವೆಂಬರ್‌ನಲ್ಲಿ ಬೆಲೆ ಮತ್ತೊಮ್ಮೆ ಏರಿತು. ಆದರೆ ಭಾನುಮತಿಯನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ಹೆನ್ರಿಕ್. ಅವಳು ಅವನಿಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ, ಆದರೂ ಏನೋ ಕಸಿವಿಸಿ. ಕಾಡಿನಿಂದ ಬಂದ ಮರುದಿನವೇ ತಾನಾಗಿ ಫೋನ್ ಮಾಡಿ ಅಟ್ಟಣೆ, ಬಂದೂಕು, ಮೂಸ್, ಎಲ್ಲವನ್ನೂ ಬಿಚ್ಚಿ ಹೇಳಿಬಿಟ್ಟಳು.

ಒಪ್ಪಂದ ಮುರಿದೇ ಹೋಯಿತೇನೋ ಎಂದುಕೊಂಡಳು.

ಹೆನ್ರಿಕ್, ಬೇಟೆಗಾರ ಬೇಟೆಗಾರನನ್ನು ಕೇಳುವಷ್ಟು ಗಂಭೀರವಾಗಿ ಕೇಳಿದ:

"ಕೊಂಬಿನಲ್ಲಿ ಕವಲು ಎಷ್ಟಿತ್ತು?"