ಬುಗುರಿಯ ಕಳ್ಳಮುಖ

ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತವನು ನಾನು. ಸಂಜೆ ಪಾಳಿ ಬಿಟ್ಟಾಗ ಒಬ್ಬೊಬ್ಬರ ಚೀಲ ನೋಡಿ ಹೊರಗೆ ಬಿಡುವುದು ನನ್ನ ಕೆಲಸ. ಚೀಲಕ್ಕಿಂತ ಮೊದಲು ಮುಖ ನೋಡುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಗಾದೆಯ ಮೇಲೇ ನನ್ನ ನೌಕರಿ ನಿಂತಿತ್ತು. ಕಾರ್ಖಾನೆಯಲ್ಲಿ ನನ್ನನ್ನು ಎಕ್ಸರೇ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೋ ಅನ್ನುತ್ತಾರಂತೆ, ಅಂದುಕೊಳ್ಳಲಿ.

ಮಗಳು ನರ್ಸ್. ಮೂರು ತಿಂಗಳ ತರಬೇತಿಗೆಂದು ಬೇರೆ ಊರಿಗೆ ಹೊರಟಾಗ ತನ್ನ ನಾಯಿಯನ್ನು ನಮ್ಮಲ್ಲಿ ಬಿಟ್ಟಳು. ಕಂದು ಬಣ್ಣದ, ಮೊಣಕಾಲೆತ್ತರದ ಹೆಣ್ಣು ನಾಯಿ. ಖುಷಿಯಾದರೆ ನಿಂತಲ್ಲೇ ಗಿರಗಿರ ಸುತ್ತುತ್ತದೆ, ಅದಕ್ಕೇ ಬುಗುರಿ ಎಂದು ಹೆಸರು.

"ವಾಪಸ್ ಬಂದ್ಮೇಲೆ ನಂಗೆ ರಾತ್ರಿ ಪಾಳಿ ಶುರುವಾಗುತ್ತೆ ಅಪ್ಪ," ಅಂದಿದ್ದಳು ಮಗಳು. "ಇವಳು ನಿಮಗೆ ಹೊಂದ್ಕೊಂಡ್ರೆ ಇಲ್ಲೇ ಇರ್ಲಿ."

ನಾನು ಸುಮ್ಮನೆ ಹೂಂಗುಟ್ಟಿದೆ. ಆದರೆ ಒಂದೇ ವಾರಕ್ಕೆ ಆ ಪ್ರಾಣಿ ನಮ್ಮಲ್ಲೇ ಉಳಿಯಬೇಕು ಎಂದು ಆಸೆ ಹತ್ತಿತು. ಸಂಜೆ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಕಾಲು ಜೋಮು ಹಿಡಿದರೂ ನಾನು ಅಲುಗುತ್ತಿರಲಿಲ್ಲ.

ಎರಡನೇ ವಾರ ಕೆಲಸದಿಂದ ಬಂದಾಗ ನನ್ನ ಚಪ್ಪಲಿಯ ಪಟ್ಟಿ ಹಲ್ಲಿಗೆ ಸಿಕ್ಕಿ ಹರಿದುಹೋಗಿತ್ತು. ಅದನ್ನು ಎತ್ತಿ ಹಿಡಿದು, ಗೇಟಿನ ದನಿಯಲ್ಲಿ, "ಯಾರದು ಈ ಕೆಲ್ಸ?" ಅಂದೆ. ಬುಗುರಿ ಕಿವಿ ಹಿಂದಕ್ಕೆ ಒತ್ತಿಕೊಂಡಿತು, ತುಟಿ ನೆಕ್ಕಿಕೊಂಡಿತು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತ ಹೊಟ್ಟೆಯನ್ನು ನೆಲಕ್ಕೆ ಹಚ್ಚಿತು. ಅಪ್ಪಟ ಕಳ್ಳನ ಮುಖ. ನಾನೂ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅದೇ ಚಟವಾಯಿತು. ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ ಕಾಲ್ಚೀಲವೋ ಪೇಪರೋ ಕೈಗೆ ಸಿಕ್ಕಿದ್ದನ್ನು ಎತ್ತಿ ಹಿಡಿಯುತ್ತಿದ್ದೆ. ಪಕ್ಕದ ಮನೆಯವರು ಬಂದರೆ ಅವರಿಗೂ ಒಂದು ಆಟ. ಷಡ್ಡಕ ಬಂದಾಗ ಎರಡು ಸಲ ಮಾಡಿ ತೋರಿಸಿದೆ. ಒಂದೇ ಒಂದು ಏಟು ಹೊಡೆದವನಲ್ಲ ಎಂಬ ಜಂಬ ಬೇರೆ.

"ನೀವು ಬರೋ ಹೊತ್ತಿಗೆ ಸರಿಯಾಗಿ ಅದು ಮಂಚದ ಕೆಳಗೆ ಸೇರ್ಕೊಳ್ಳುತ್ತೆ ರೀ," ಅಂದಳು ಹೆಂಡತಿ ಒಂದು ದಿನ.

"ಹಾಗಾದ್ರೆ ಏನೋ ಮಾಡಿಟ್ಟಿರುತ್ತೆ," ಅಂದವನೇ ಮನೆಯೆಲ್ಲ ತಡಕಾಡಿದೆ. ಏನೂ ಸಿಗಲಿಲ್ಲ. ಎಲ್ಲೋ ಬಚ್ಚಿಟ್ಟಿದೆ ಅಂದುಕೊಂಡೆನೇ ಹೊರತು ಬೇರೆ ಯೋಚನೆಯೇ ಬರಲಿಲ್ಲ ನನ್ನ ಬುದ್ಧಿಗೆ.

ತರಬೇತಿ ಮುಗಿಸಿಕೊಂಡು ಮಗಳು ಒಂದು ಭಾನುವಾರ ಬೆಳಿಗ್ಗೆ ಬಂದಳು. ಬುಗುರಿ ಅವಳೆದುರು ಗಿರ್ರನೆ ಸುತ್ತಿದ್ದೇ ಸುತ್ತಿದ್ದು. ಅದು ಸುತ್ತುವುದನ್ನು ನೋಡಿ ಎಷ್ಟು ದಿನವಾಯಿತು ಎಂದು ಆಗ ಹೊಳೆಯಿತು. ಆದರೂ ನಾಯಿ ನನಗೆ ಎಷ್ಟು ಹೊಂದಿಕೊಂಡಿದೆ ಎಂದು ತೋರಿಸುವ ಆತುರ ನನಗೆ. ನಡುಮನೆಯಲ್ಲಿ ಹಳೆಯ ದಿಂಬೊಂದು ಹರಿದು ಬಿದ್ದಿತ್ತು, ಸುತ್ತ ಹತ್ತಿ ಚೆಲ್ಲಿತ್ತು.

"ಇಲ್ನೋಡು ತಮಾಷೆ," ಎಂದು ಆ ದಿಂಬನ್ನು ಎತ್ತಿದೆ. "ಯಾರದು ಈ ಕೆಲ್ಸ?"

ಬುಗುರಿ ಕುಸಿಯಿತು. ಅದರ ಹೊಟ್ಟೆಯ ಕೆಳಗಿಂದ ಉಚ್ಚೆ ಹರಿದು ಬಂತು.

ಹೆಂಡತಿ ಅಡುಗೆಮನೆಯಿಂದ ಬಂದು, "ಅಯ್ಯೋ, ಅದು ನಾನು ಬಿಚ್ಚಿದ್ದು ರೀ," ಅಂದಳು. "ಹತ್ತಿ ಬಿಸಿಲಿಗೆ ಹಾಕೋಣ ಅಂತ. ಬೆಳಿಗ್ಗೆಯಿಂದ ಅದು ಈ ಕಡೆ ತಲೇನೇ ಹಾಕಿಲ್ಲ."

"ಮತ್ಯಾಕೆ ಆ ಮುಖ ಮಾಡ್ತು?"

ಮಗಳು ಬಟ್ಟೆ ತಂದು ನೆಲ ಒರೆಸುತ್ತಿದ್ದಳು. "ಅದು ಹೆದ್ರಿಕೊಂಡಿರೋ ಮುಖ ಅಪ್ಪ. ನೀವು ಎತ್ತಿ ಹಿಡಿದಿರೋದು ಏನು ಅಂತಾನೂ ಅವಳಿಗೆ ಗೊತ್ತಿಲ್ಲ. ಸಾಕು, ಬಿಟ್ಬಿಡಿ ಅಂತ ಕೇಳ್ಕೊಳ್ತಾ ಇದಾಳೆ ಅಷ್ಟೆ."

ನಾಚಿಕೆಯಿಂದ ದಿಂಬನ್ನು ಕೆಳಗಿಟ್ಟೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ನಂದು. "ನಾಯಿ ವಿಷ್ಯ ಬಿಡು," ಅಂದೆ. "ಮನುಷ್ಯರ ಮುಖ ಓದೋದ್ರಲ್ಲಿ ನಾನು ಯಾವತ್ತೂ ತಪ್ಪಿಲ್ಲ."

ಮಗಳು ಬಟ್ಟೆ ಹಿಂಡಿದಳು. "ನಾನು ಐದನೇ ಕ್ಲಾಸಲ್ಲಿದ್ದಾಗ ನಿಮ್ಮ ರೇಡಿಯೋ ಬಿದ್ದು ಒಡೆದಿತ್ತಲ್ಲ. ಅದನ್ನ ನಾನು ಬೀಳಿಸಿರ್ಲಿಲ್ಲ ಅಪ್ಪ."

"ನೀನೇ ಒಪ್ಕೊಂಡಿದ್ಯಲ್ಲೇ."

"ನೀವು ಬಾಗಿಲಲ್ಲಿ ನಿಂತು ಇದೇ ದನಿಯಲ್ಲಿ ಕೇಳಿದ್ರಿ. ಒಪ್ಕೊಂಡ್ರೆ ಬೇಗ ಮುಗಿಯುತ್ತೆ ಅಂತ ಒಪ್ಕೊಂಡೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ತಪ್ಪಿಸಿಕೊಳ್ಳುತ್ತಿದ್ದೆ. ಹೆಂಡತಿ ಹತ್ತಿ ಆರಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡಳು. ಅವಳಿಗೂ ಆ ವಿಷಯ ಗೊತ್ತಿತ್ತೋ ಏನೋ, ಕೇಳಲು ಧೈರ್ಯವಾಗಲಿಲ್ಲ.

ಮಧ್ಯಾಹ್ನ ಮಗಳು ನಾಯಿಯ ಬಟ್ಟಲು, ಹಾಸಿಗೆ ಎಲ್ಲ ಚೀಲಕ್ಕೆ ತುಂಬಿದಳು. "ಪಾಳಿ ಏನಾದ್ರೂ ಮಾಡಿ ಹೊಂದಿಸ್ಕೋತೀನಿ ಅಮ್ಮ," ಅಂದಳು. ಇನ್ನೊಂದು ತಿಂಗಳು ಬಿಟ್ಟು ನೋಡು, ನಾನು ದನಿ ಎತ್ತುವುದಿಲ್ಲ ಎಂದು ಬೇಡಿಕೊಳ್ಳಬೇಕು ಅನ್ನಿಸಿತು. ಬಾಯಿ ತೆರೆದರೆ ಬರುವುದು ಇದೇ ದನಿಯಲ್ಲವೇ ಎಂದು ತೆರೆಯಲಿಲ್ಲ.

ಬೀಳ್ಕೊಡಲು ನಾನು ಬಾಗಿಲಿಗೆ ಬಂದು ನಿಂತೆ. ಮಗಳು ಹೊರಗೆ ಮೆಟ್ಟಿಲ ಮೇಲಿಂದ ಕರೆದಳು. ಬುಗುರಿ ನಡುಮನೆಯಲ್ಲೇ ನಿಂತಿತ್ತು, ಒಂದು ಹೆಜ್ಜೆ ಮುಂದಿಡಲಿಲ್ಲ.

"ಅಪ್ಪ, ನೀವು ಸ್ವಲ್ಪ ಒಳಗೆ ಹೋಗಿ," ಅಂದಳು ಮಗಳು ಮೆಲ್ಲಗೆ. "ನೀವು ಅಲ್ಲಿದ್ರೆ ಅವಳು ಬರಲ್ಲ."

ಕಿಟಕಿ ಮುಚ್ಚಿದ್ದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಅದರ ಉಗುರಿನ ಸದ್ದು ಟಕಟಕ ಓಡಿ ಮೆಟ್ಟಿಲಿಳಿದು ಹೋಗುವವರೆಗೂ ಉಸಿರು ಬಿಗಿಹಿಡಿದು ಕತ್ತಲಲ್ಲಿ ನಿಂತಿದ್ದೆ.