ಡಿಕ್ಕಿಯಲ್ಲಿ ಕೇಳಿದ ಸದ್ದು

ಓಂಕಾರಪ್ಪನ ಕಿವಿಗೆ ಹೊನ್ನಾಳಿ ಸುತ್ತಮುತ್ತ ಭಾರೀ ಹೆಸರಿತ್ತು. ಆ ಕಿವಿ ಕೆಟ್ಟು ಆರು ವರ್ಷವಾಗಿದೆ ಎಂಬುದು ಮಾತ್ರ ನನ್ನೊಬ್ಬನಿಗೇ ಗೊತ್ತಿತ್ತು.

ಡೀಸೆಲ್ ಇಂಜಿನ್‌ಗಳ ಪಕ್ಕದಲ್ಲೇ ಆಯುಷ್ಯ ಕಳೆದ ಮೇಸ್ತ್ರಿ ಅವನು. ಎದುರು ನಿಂತು ಜೋರಾಗಿ ಮಾತಾಡಿದರೆ ಕೇಳುತ್ತಿತ್ತು, ಇಂಜಿನ್ನಿನೊಳಗಿನ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಆದರೂ ಗಿರಾಕಿ ಬಂದ ತಕ್ಷಣ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ನೋಡಿದವರಿಗೆ ಭಕ್ತಿ ಬರಬೇಕು, ಹಾಗೆ. ನಿಜವಾಗಿ ಕೇಳುತ್ತಿದ್ದವನು ನಾನು, ಗಾಡಿಯ ಕೆಳಗೆ ಅಂಗಾತ ಮಲಗಿಕೊಂಡು. ಕೇಳಿ ಮುಗಿದ ಮೇಲೆ ಸ್ಪ್ಯಾನರಿನಿಂದ ತಳಕ್ಕೆ ಬಡಿಯುತ್ತಿದ್ದೆ. ಒಂದು ಏಟಿಗೆ ಟ್ಯಾಪೆಟ್, ಎರಡಕ್ಕೆ ಬೇರಿಂಗ್, ಮೂರಕ್ಕೆ ಇಂಜೆಕ್ಟರ್, ನಾಲ್ಕಕ್ಕೆ ಹಿಂದಿನ ಶಾಫ್ಟು. ಮಡ್‌ಗಾರ್ಡಿನ ಮೇಲಿಟ್ಟ ಅವನ ಎಡಗೈಗೆ ಏಟು ತಾಕುತ್ತಿತ್ತು. ಆಮೇಲೆ ಕಣ್ಣು ತೆರೆದು ಅಪ್ಪಣೆ ಕೊಡಿಸುತ್ತಿದ್ದ.

ಆರು ವರ್ಷ ಹೀಗೇ ನಡೆಯಿತು. ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೇ ಒಂದು ಶೆಡ್ ಹಾಕಬೇಕೆಂದು ನನಗೂ ನನ್ನ ಹೆಂಡತಿ ಅಂಜಿನಮ್ಮನಿಗೂ ಆಸೆ. ತಗಡು, ಬಿದಿರ ಗಳು ಎಲ್ಲಾ ಹೊಂದಿಸಿದ್ದೆವು. ಇಲ್ಲದ್ದು ಹೆಸರು. ಕಾರಿನ ಕೆಳಗೆ ಮಲಗಿದವನ ಕಾಲು ಬಿಟ್ಟು ಬೇರೇನನ್ನು ಯಾವ ಗಿರಾಕಿ ನೋಡಿದ್ದಾನೆ?

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಸವಳಂಗದ ಮಲ್ಲೇಶಪ್ಪ ಗೌಡರ ಕಾರು ಬಂತು. ಹಳೇ ಪೆಟ್ರೋಲ್ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿದ್ದು. ಜನ ತುಂಬಿಕೊಂಡು ಏರು ಹತ್ತಿದರೆ ಟಕ್ ಟಕ್ ಎಂದು ಸದ್ದು, ಶೆಡ್ಡಿನಲ್ಲಿ ನಿಲ್ಲಿಸಿದರೆ ಏನೂ ಇಲ್ಲ. ಮೂರು ಕಡೆ ಮೂರು ಮೇಸ್ತ್ರಿಗಳು ಇಂಜಿನ್ ಬಿಚ್ಚಿ ಕಟ್ಟಿ ಸೋತಿದ್ದರು. ಓಂಕಾರಪ್ಪ ನನ್ನನ್ನು ಹಿಂದಕ್ಕೆ ಕರೆದ.

"ಜಯಪ್ಪಾ, ಇದೊಂದು ಹಿಡಿ. ಗೌಡ್ರ ಮುಂದೇನೆ ನಿನ್ನ ಹೆಸರು ಹೇಳ್ತೀನಿ. ಸದ್ದು ಹಿಡಿದೋನು ಇವ್ನೇ ಅಂತ."

"ಆಣೆ?"

"ನನ್ನ ಮಕ್ಕಳಾಣೆ ಕಣೋ."

ಓಡುವ ಗಾಡಿಯಲ್ಲಿ ಕೂತೇ ಕೇಳಬೇಕು ಎಂದೆ. ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಊರಿನವನೇ ನಾನು, ಯಾವ ಕೇರಿ ಎಂದು ಕೇಳುವ ಅಗತ್ಯವಿರಲಿಲ್ಲ. ನಮ್ಮಪ್ಪ ಬೌದ್ಧನಾಗಿ ಹನ್ನೆರಡು ವರ್ಷವಾಗಿತ್ತು, ಮನೆಯಲ್ಲಿ ಬುದ್ಧನ ಪಟವಿತ್ತು. ಊರಿಗೆ ಮಾತ್ರ ನಾವು ಹಳೇ ಕೇರಿಯವರೇ.

"ಸೀಟಿನ ಮೇಲೆ ನಮ್ಮವ್ವ ಕುಂದ್ರುತಾಳೆ, ದೇವಸ್ಥಾನಕ್ಕೆ ಹೋಗಾಕೆ ಇದೇ ಕಾರು" ಎಂದರು ಗೌಡರು, ಓಂಕಾರಪ್ಪನ ಕಡೆ ತಿರುಗಿ. "ಹಿಂದೆ ಡಿಕ್ಕಿ ಐತಲ್ಲ."

ಅವನಾದರೂ ಒಂದು ಮಾತು ಆಡುತ್ತಾನೆಂದು ಕಾದೆ. ಅವನು ಡಿಕ್ಕಿಯ ಬಾಗಿಲು ಎತ್ತಿ ಹಿಡಿದ. ಆದರೂ ಹತ್ತಿದೆ. ನನ್ನ ಹೆಸರಿನ ಆಸೆ ನನ್ನ ಮರ್ಯಾದೆಗಿಂತ ದೊಡ್ಡದಾಗಿತ್ತು, ಸುಳ್ಳು ಯಾಕೆ ಹೇಳಲಿ?

ಸ್ಟೆಪ್ನಿ ಪಕ್ಕದಲ್ಲಿ ಮುದುರಿ ಕೂತೆ. ಬಾಗಿಲನ್ನು ಅರ್ಧ ತೆರೆದು ಹಗ್ಗದಿಂದ ಕಟ್ಟಿದರು. ಗೌಡರು, ಓಂಕಾರಪ್ಪ, ಭಾರಕ್ಕೆಂದು ಇನ್ನು ಮೂವರು ಒಳಗೆ. ನ್ಯಾಮತಿ ದಾಟುವಷ್ಟರಲ್ಲಿ ಬಾಯಿ ತುಂಬ ಧೂಳು. ಸವಳಂಗದ ಏರು ಬಂತು, ಸದ್ದೂ ಬಂತು. ಒಳಗಿನವರು "ಕೇಳ್ರಿ, ಕೇಳ್ರಿ, ಇಂಜಿನ್ನೇ" ಎಂದು ಕೂಗಿದರು. ನನಗೂ ಹಾಗೇ ಅನ್ನಿಸಿತು.

ಏರು ಮುಗಿದು ಇಳಿಜಾರು ಬಂದಾಗ ಡ್ರೈವರ್ ಹಾಲೇಶಪ್ಪ ನಮ್ಮ ಕಡೆಯ ಡ್ರೈವರುಗಳೆಲ್ಲ ಮಾಡುವುದನ್ನೇ ಮಾಡಿದ. ಡೀಸೆಲ್ ಉಳಿಸಲು ಇಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟ. ಒಳಗಿನವರಿಗೆ ಅಲ್ಲಿಗೆ ಸದ್ದು ಮುಗಿಯಿತು. ನನ್ನ ಕುಂಡಿಯ ಕೆಳಗೆ ಮಾತ್ರ ಮುಗಿಯಲಿಲ್ಲ. ಸಣ್ಣಗೆ, ಚಕ್ರದ ಲೆಕ್ಕಕ್ಕೆ ಸರಿಯಾಗಿ, ಟಕ್, ಟಕ್, ಟಕ್. ಇಂಜಿನ್ ಸತ್ತಿದೆ, ಸದ್ದು ಬದುಕಿದೆ! ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ಸವೆದಿತ್ತು. ಸೀಟಿನ ಮೇಲೆ ಕೂತಿದ್ದರೆ ಅದು ನನಗೂ ಸಿಗುತ್ತಿರಲಿಲ್ಲ. ಆ ಧೂಳಿನಲ್ಲಿ ಒಬ್ಬನೇ ನಕ್ಕೆ.

ಸವಳಂಗ ಬಸ್ ಸ್ಟ್ಯಾಂಡಿನಲ್ಲಿ ಕಾರು ನಿಂತಿತು. ನನ್ನೂರಿನ ಜನವೆಲ್ಲ ಸುತ್ತ ಸೇರಿದರು. ನಾನು ಡಿಕ್ಕಿಯಿಂದ ಇಳಿದು ಬಾಯಿ ತೆರೆಯುವಷ್ಟರಲ್ಲಿ ಓಂಕಾರಪ್ಪ ನನ್ನ ಭುಜ ಅದುಮಿದ.

"ಕೆಳಗೆ ಹೋಗಿ ಒಂದ್ಸಲ ನೋಡಿ ಬಾ."

ಗ್ಯಾರಂಟಿ ಮಾಡಿಕೊಳ್ಳೋಣ ಎಂದು ಹೋದೆ. ಶಾಫ್ಟು ಹಿಡಿದು ಅಲ್ಲಾಡಿಸಿದೆ, ಕ್ರಾಸ್ ಹಲ್ಲು ಬಿದ್ದ ಮುದುಕಿಯ ಬಾಯಿಯಂತೆ ಆಡಿತು. ನನ್ನ ಕೈಗೆ ಆರು ವರ್ಷದ ಚಾಳಿ. ನನ್ನನ್ನು ಕೇಳದೆ ನಾಲ್ಕು ಏಟು ಬಡಿದುಬಿಟ್ಟಿತು.

"ಇಂಜಿನ್ ಅಲ್ಲ ಗೌಡ್ರೆ!" ಮೇಲಿನಿಂದ ಓಂಕಾರಪ್ಪನ ದನಿ. "ಹಿಂದಿನ ಶಾಫ್ಟು. ಏರು ಹತ್ತುವಾಗ್ಲೇ ಗೊತ್ತಾತು ನಂಗೆ. ದೊಡ್ಡ ದೊಡ್ಡೋರು ಇಂಜಿನ್ ಬಿಚ್ಚಿದ್ರಲ್ರೀ, ಏನು ಕೇಳ್ತಾರೋ ಏನೋ."

"ಕಿವಿ ಅಂದ್ರೆ ನಿಂದು ಕಣಯ್ಯಾ" ಎಂದರು ಗೌಡರು.

ನಾನು ತೆವಳಿಕೊಂಡು ಹೊರಗೆ ಬಂದೆ. ಅವನ ಮುಖವನ್ನೇ ನೋಡಿದೆ, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು. ಅವನು ಗೌಡರು ಕೊಡಿಸಿದ ಟೀ ಕುಡಿಯುತ್ತಿದ್ದ. ನನಗೆ ಅಳು ಬರಲಿಲ್ಲ, ಕೊಲ್ಲುವಷ್ಟು ಸಿಟ್ಟು ಬಂತು.

ಹೊನ್ನಾಳಿಗೆ ಬಂದು ಹೊಸ ಕ್ರಾಸ್ ಹಾಕಿದೆ. ಒಂದು ಬೋಲ್ಟ್ ಸಡಿಲ ಬಿಟ್ಟರೆ ಸಾಕಿತ್ತು. ಬಿಡಲಿಲ್ಲ, ನನ್ನ ಕೆಲಸ ಕೆಟ್ಟದ್ದಾಗಬಾರದು. ಕಾರು ಬೆಣ್ಣೆಯಂತೆ ಓಡಿತು. ಗೌಡರು ಖುಷಿಯಾಗಿ ಹೊರಡುವವರು, ಏನೋ ನೆನಪಾಗಿ ಗಾಜು ಇಳಿಸಿದರು.

"ಓಂಕಾರಪ್ಪಾ, ಡಿಕ್ಕಿ ಒಂದೀಟು ತೊಳಿಸಿಬಿಡಪ್ಪ. ಅವ್ವ ನೋಡಿದ್ರೆ ಬೈತಾಳೆ."

ಓಂಕಾರಪ್ಪ ಬಕೆಟ್ಟು ತಂದು ನನ್ನ ಮುಂದಿಟ್ಟ. ನಾನು ಕೂತ ಜಾಗವನ್ನು ನಾನೇ ತೊಳೆದೆ. ನೀರು ಹಾಕುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ನನ್ನ ಕಡೆ ನೋಡಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ.

ಮಾರನೇ ದಿನ ಶೆಡ್ಡಿನ ತುಂಬ ಜನ. ಗೌಡರ ಕಾರಿನ ಸುದ್ದಿ ಚನ್ನಗಿರಿವರೆಗೆ ಹೋಗಿತ್ತು. ಉಬ್ರಾಣಿಯಿಂದ ಬಂದವರೊಬ್ಬರು, ಓಂಕಾರಪ್ಪನ ಕಿವಿಯನ್ನು ನೋಡಬೇಕೆಂದೇ ನೆಂಟರನ್ನೂ ಕರೆತಂದಿದ್ದರು. ಅವರ ಡೀಸೆಲ್ ಕಾರನ್ನು ಸ್ಟಾರ್ಟ್ ಮಾಡಿಸಿ, ಓಂಕಾರಪ್ಪ ಸ್ಕ್ರೂಡ್ರೈವರ್ ಒತ್ತಿ, ಎಡಗೈ ಮಡ್‌ಗಾರ್ಡಿನ ಮೇಲಿಟ್ಟು ಕಣ್ಣು ಮುಚ್ಚಿದ. ಜನ ಉಸಿರು ಬಿಗಿಹಿಡಿದು ನಿಂತರು.

ನಾನು ಕೆಳಗೆ ಮಲಗಿ ಕೇಳಿದೆ. ಬೇರಿಂಗ್, ಅನುಮಾನವೇ ಇಲ್ಲ. ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡು ಎರಡೂ ಕೈ ಕಟ್ಟಿದೆ.

ಮೇಲೆ ಅವನ ಕಾಲು ಒಮ್ಮೆ ಅಲುಗಾಡಿತು. ಸ್ವಲ್ಪ ಹೊತ್ತಾದ ಮೇಲೆ ಚಪ್ಪಲಿಯ ತುದಿಯಿಂದ ನನ್ನ ಕಾಲನ್ನು ತಿವಿದ.

"ಏನ್ರೀ ಮೇಸ್ತ್ರಿ, ಏನೈತೆ?" ಎಂದರು ಯಾರೋ.

"ತಡೀರಿ" ಎಂದ ಓಂಕಾರಪ್ಪ.

ಇಂಜಿನ್ ಓಡುತ್ತಲೇ ಇತ್ತು. ಅವನು ಕಣ್ಣು ಮುಚ್ಚಿಕೊಂಡು ನಿಂತೇ ಇದ್ದ.