ಹೊಲಿಯಲಾಗದ ತುಂಡು

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಕೂತಾಗ ಏಳುವ ವಾಸನೆ ಮೂಗಿಗೆ ಬಡಿದರೆ ಸಾಕು, ದರ್ಜಿ ಮತ್ತೆ ಅಪ್ಪನ ಮೇಜಿನ ಕೆಳಗೆ ಚೂರುಬಟ್ಟೆಯ ರಾಶಿಯಲ್ಲಿ ಕೂತ ಹುಡುಗನಾಗಿಬಿಡುತ್ತಿದ್ದ. ಇವತ್ತು ಮಾತ್ರ ಅವನ ಲಕ್ಷ್ಯ ಅತ್ತ ಇರಲಿಲ್ಲ. ಪಕ್ಕದ ಕ್ಷೌರದಂಗಡಿಯವನು ಫೋನು ಹಿಡಿದು ಬಾಗಿಲಲ್ಲಿ ಕುಣಿಯುತ್ತಿದ್ದ.

"ಬೆಳಗ್ಗೆನೂ ಏರಿದೆ ಅಣ್ಣಾ! ಒಂದು ಗುಂಡಿಯ ಬೆಲೆಗೆ ಒಂದು ಶೇರು. ಹೊಸ ಮಿಷನ್ನಿಗೆ ಕೂಡಿಟ್ಟಿದ್ದನ್ನ ಇದಕ್ಕೆ ಹಾಕು, ಎರಡು ಮಿಷನ್ ಬರುತ್ತೆ."

ಬೀದಿಗೆಲ್ಲ ಅವನು ಇದನ್ನೇ ಹೇಳಿದ್ದ. ಕತ್ತಿ ಕುತ್ತಿಗೆಯ ಮೇಲಿರುವಾಗ ಬೇಡ ಅನ್ನುವವರು ಯಾರು? ಎಲ್ಲರೂ ಹೂಂ ಅಂದಿದ್ದರು. ದುಡ್ಡು ಹಾಕಿದವನು ಮಾತ್ರ ಅವನೊಬ್ಬನೇ; ಅಂಗಡಿಯ ಹೊಸ ಕುರ್ಚಿಗೆ ಕೂಡಿಟ್ಟದ್ದನ್ನೆಲ್ಲ ಹಾಕಿದ್ದ.

ದರ್ಜಿಯ ಅಕ್ಕ ಶೇರು ದಲ್ಲಾಳಿಯ ಕಚೇರಿಯಲ್ಲಿ ಗುಮಾಸ್ತೆ; ಕೋಟಿನ ತೋಳು ಸಡಿಲಿಸಿಕೊಳ್ಳಲು ಬಂದಿದ್ದಳು. "ಯಾವ ಕಂಪನಿ?" ಎಂದು ಅವನ ಫೋನಿನೊಳಗೆ ಇಣುಕಿದಳು.

"ಬಟ್ಟೆ ಥಾನಿನ ಕೊನೇ ತುಂಡು ಯಾವತ್ತೂ ಅಗ್ಗ ಅಕ್ಕ," ಎಂದ ದರ್ಜಿ. "ಅಂಥದ್ದನ್ನ ಕೊಂಡೇ ನಾನು ನಾಲ್ಕು ಕಾಸು ಉಳಿಸಿದ್ದು."

"ಆ ತುಂಡಲ್ಲಿ ಮಗುವಿಗೆ ಅಂಗಿ ಹೊಲೀತೀಯ. ಇದನ್ನ ಹೊಲಿಯೋಕಾಗುತ್ತಾ? ಇನ್ನೊಬ್ಬರು ಕೊಂಡರಷ್ಟೇ ಇದಕ್ಕೆ ಬೆಲೆ ಕಣೋ. ಈ ಕಂಪನೀಲಿ ಮುಕ್ಕಾಲು ಪಾಲು ಶೇರು ಮಾಲೀಕರ ಮನೆಯವರ ಹತ್ತಿರಾನೇ ಇದೆ, ಅವರು ಬಿಡೋದಿಲ್ಲ. ಪೇಟೇಲಿ ಕೈಯಿಂದ ಕೈಗೆ ಓಡಾಡೋದು ಒಂದು ಹಿಡಿ. ಅದನ್ನೇ ಫ್ಲೋಟ್ ಅನ್ನೋದು."

"ಕಡಿಮೆ ಇದ್ರೆ ಬೆಲೆ ಏರುತ್ತಲ್ಲಕ್ಕಾ!" ಕ್ಷೌರದಂಗಡಿಯವನು ಹಿಗ್ಗಿದ.

"ಏರುತ್ತಪ್ಪ. ನಾಲ್ಕು ಜನ ಸೇರಿ ಎಳೆದರೂ ಏರುತ್ತೆ. ಅವರು ಮಾರಿ ಎದ್ದು ಹೋದ್ಮೇಲೆ ನಿನ್ನದನ್ನ ಕೊಳ್ಳೋರು ಯಾರು? ಎಲ್ಲಿ, ಸ್ವಲ್ಪ ಮಾರಿ ತೋರಿಸು."

"ಅದೇನು ಮಹಾ!"

ಒತ್ತಿದ. ಬೆಳಗಿನ ಬೆಲೆ ಆಗಲೇ ತಲೆಕೆಳಗಾಗಿತ್ತು. ಮಾರುವವರ ಕಡೆ ಉದ್ದನೆಯ ಸಂಖ್ಯೆ, ಕೊಳ್ಳುವವರ ಕಡೆ ಬರೀ ಸೊನ್ನೆ. ಬೆಲೆ ತಗ್ಗಿಸಿದ. ಇನ್ನೂ ತಗ್ಗಿಸಿದ. ಆ ದಿನ ಇಳಿಯಬಹುದಾದ ತಳ ಮುಟ್ಟಿದರೂ ಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ.

"ಮಾರೋಕೆ ಹಾಕಿಟ್ಟೇ ಇರು," ಎಂದಳು ಅಕ್ಕ ಮೆತ್ತಗೆ. "ಸಿಕ್ಕಷ್ಟಕ್ಕೆ ಬಿಟ್ಟುಬಿಡು. ದಿನಾ ಪೇಟೆ ತೆರೆಯೋ ಹೊತ್ತಿಗೆ ನಾನೂ ನೋಡ್ತೀನಿ."

ದರ್ಜಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ನನಗೆ ಒಂದೇ ಮಿಷನ್ ಸಾಕಪ್ಪ. ಎರಡು ತುಳಿಯೋಕೆ ನಾಲ್ಕು ಕಾಲು ಎಲ್ಲಿಂದ ತರ್ಲಿ?"

ಕ್ಷೌರದಂಗಡಿಯವನಿಗೂ ನಗು ಬಂತು. "ನನ್ನ ಹಳೇ ಕುರ್ಚಿಗೇನಾಗಿದೆ ಅಣ್ಣಾ? ತಿರುಗೋದಿಲ್ಲ, ಅಷ್ಟೇ. ಗಿರಾಕಿ ಸುತ್ತ ನಾನೇ ತಿರುಗ್ತೀನಿ."

ನಗು ನಿಂತ ಮೇಲೆ ಅವನ ಕಣ್ಣು ಮತ್ತೆ ಫೋನಿಗೇ ಹೋಯಿತು. ಊಟದ ಹೊತ್ತು ಮೀರಿತ್ತು. ಅವನು ಮನೆಗೆ ಹೋಗುವ ಲಕ್ಷಣ ಕಾಣಲಿಲ್ಲ. ಅಕ್ಕ ಸ್ಟೂಲನ್ನು ಅವನತ್ತ ಸರಿಸಿದಳು. ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಬಿಗಿಯಾಗಿದ್ದ ಮುಚ್ಚಳ ಸಡಿಲಿಸಿ, ಅವನ ಕೈಗೆ ಕೊಟ್ಟಳು.